ನಾಟಕ ನೋಡೋಕೆ ಹೋದದ್ದಾ, ಪರದೆ ನೋಡೋಕಾ?

ಗವಿಮಠದ ಓಣಿ: ಭಾನುವಾರ ಕೊಪ್ಪಳದಲ್ಲಿ ಒಂದು ತಿರುಗಾಟದ ತಂಡದ ನಾಟಕ ನೋಡಿದೆ. ಹೆಸರು ಬೇಡ ಬಿಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯಿತಲ್ಲ, ಅದೇ ಕಥೆ. ಇಬ್ಬರು ನಟರು, ಹಿಂದೆ ದೊಡ್ಡ ಪರದೆ. ಒಬ್ಬ ಹುಡುಗಿ ರಂಗದ ಮೇಲೇ ಫೋನ್ ಹಿಡಿದು ನಟನ ಮುಖ ತೋರಿಸುತ್ತಾಳೆ. ಆ ಮುಖ ಪರದೆ ಮೇಲೆ ಎಂಟು ಅಡಿ ಆಗುತ್ತದೆ. ಮುದುಕ ರೈತನ ಪಾತ್ರದವನು ಸರಪಳಿ ಎಳೆಯುತ್ತಾ ಅಳುತ್ತಾನೆ. ಒಬ್ಬರಾದರೂ ಅವನನ್ನು ನೋಡಿದರಾ? ಎಲ್ಲರ ಕಣ್ಣೂ ಪರದೆ ಮೇಲೆ. ಅದರಲ್ಲೂ ತುಟಿ ಒಂದು ಕಡೆ, ಮಾತು ಒಂದು ಕಡೆ. ಕೊನೆಗೆ ನೀರು ನುಗ್ಗುವ ಹೊತ್ತಿಗೆ ಪರದೆ ಮೇಲೆ ‘ಬ್ಯಾಟರಿ ಕಡಿಮೆ ಇದೆ’ ಅಂತ ಬಂತು. ಹಿಂದಿನ ಸಾಲಿನಿಂದ ಯಾರೋ ‘ಚಾರ್ಜರ್ ಹಾಕ್ರೋ’ ಅಂದರು. ಇದಕ್ಕೆ ಪ್ರೊಜೆಕ್ಟರ್ ಬೇಕಿತ್ತಾ?

ಹಾರ್ಮೋನಿಯಂ ಮಾಸ್ತರ: ಬೇಕಿರಲಿಲ್ಲ. ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಆನೆಗೆ ಬ್ಯಾಟರಿ ಮುಗಿಯುವುದಿಲ್ಲ. ಇವತ್ತಿನವರಿಗೆ ಕಂಠ ಇಲ್ಲ, ಅದಕ್ಕೇ ಪರದೆ.

ಸಿಂಧನೂರು ಟು ಬೆಂಗಳೂರು: ಆನೆ ತಂದದ್ದು ಜನರ ಕಣ್ಣಿಗೆ ಹಬ್ಬ ಆಗಲಿ ಅಂತಾನೇ ಅಲ್ವಾ ಮಾಸ್ತರ್ರೇ? ಅದೂ ಆ ಕಾಲದ ಗಿಮಿಕ್ಕೇ. ಜರ್ಮನಿಯಲ್ಲಿ ಪಿಸ್ಕಾಟರ್ ಅನ್ನೋ ನಿರ್ದೇಶಕ 1920ರ ದಶಕದಲ್ಲೇ ನಾಟಕದ ನಡುವೆ ಫಿಲ್ಮ್ ಓಡಿಸುತ್ತಿದ್ದ. 1958ರ ಬ್ರಸೆಲ್ಸ್ ಮೇಳದಲ್ಲಿ ಜೆಕ್ ಮಂದಿ ಲಾಟರ್ನಾ ಮ್ಯಾಜಿಕಾ ಅಂತ ಫಿಲ್ಮು, ನಟರು ಎರಡನ್ನೂ ಸೇರಿಸಿ ಆಡಿದರು. ನ್ಯೂಯಾರ್ಕಿನ ಬಿಲ್ಡರ್ಸ್ ಅಸೋಸಿಯೇಷನ್ ಅನ್ನೋ ನಾಟಕ ತಂಡ ಅಂತೂ ಲಂಡನ್ನಿನ ಮೋಟಿರೋಟಿ ತಂಡದ ಜೊತೆ ಸೇರಿ 2003ರಲ್ಲಿ ‘ಅಲ್ಲಾದೀನ್’ ಮಾಡಿತು. ಅದು ಬೆಂಗಳೂರಿನ ಕಾಲ್ ಸೆಂಟರ್ ಹುಡುಗರ ಕಥೆ. ಊರೂರು, ದೇಶದೇಶ ತಿರುಗಿತು. ಹೆಸರು ಬದಲಿಸಿಕೊಂಡು ಫೋನಿನಲ್ಲಿ ಅಮೆರಿಕದವರ ಹಾಗೆ ಮಾತಾಡುವವರ ಕಥೆಯನ್ನು ಪರದೆ ಇಲ್ಲದೆ ಹೇಗೆ ಹೇಳ್ತೀರಿ?

ಹಾರ್ಮೋನಿಯಂ ಮಾಸ್ತರ: ನಮ್ಮ ಹುಡುಗರ ಕಥೆ ಹೇಳೋಕೂ ನ್ಯೂಯಾರ್ಕಿನವರೇ ಬರಬೇಕಾಯ್ತು ಅಂದಂಗಾಯ್ತು.

ರಾಯಚೂರು ಬಿಸಿಲು: ದೂರ ಯಾಕೆ ಹೋಗಬೇಕು? ಕಾರ್ನಾಡರ ‘ಒಡಕಲು ಬಿಂಬ’ 2005ರಲ್ಲಿ ಬಂತು. ಒಬ್ಬಳು ಲೇಖಕಿ, ಅವಳ ಎದುರಿಗೆ ಟಿವಿಯಲ್ಲಿ ಅವಳದೇ ಮುಖ. ಆ ಮುಖ ಅವಳನ್ನೇ ಪ್ರಶ್ನೆ ಕೇಳುತ್ತದೆ. ಮೊದಲೇ ಶೂಟ್ ಮಾಡಿದ ಮುಖ ನಟಿಗಾಗಿ ಕಾಯುವುದಿಲ್ಲ. ಜನ ನಕ್ಕರೂ ನಿಲ್ಲುವುದಿಲ್ಲ. ಅದರ ಎದುರು ಉಸಿರು ಹಿಡಿದು ಆಡಬೇಕು. ಕಂಠ ಇಲ್ಲದವರಿಗೆ ಅದು ಆಗುವ ಕೆಲಸವಾ? ಇನ್ನು ನಮ್ಮ ಕಡೆ ಪರದೆ ಹೊಸದೂ ಅಲ್ಲ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಯಾಕೆ? ತೊಗಲುಗೊಂಬೆಗೆ. ಬಿಳಿ ಬಟ್ಟೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲು. ಪ್ರೊಜೆಕ್ಟರ್ ಅಂದರೆ ಇನ್ನೇನು?

ಹಾರ್ಮೋನಿಯಂ ಮಾಸ್ತರ: ‘ಹಿಂದೆ ದೀಪ’ ಅಂದಿರಿ. ನೀವು ನೋಡಿದ್ದು ದೀಪವಾ, ಬಲ್ಬಾ?

ರಾಯಚೂರು ಬಿಸಿಲು: ಅದರಲ್ಲೇನು? ಬೆಳಕು ತಾನೇ.

ಹಾರ್ಮೋನಿಯಂ ಮಾಸ್ತರ: ಅದರಲ್ಲೇ ಎಲ್ಲಾ ಇದೆ ತಂಗಿ. ಎಣ್ಣೆ ದೀಪ ಅಲ್ಲಾಡುತ್ತದೆ. ಗಾಳಿ ಬಂದರೆ ಹನುಮಂತನ ಎದೆ ಉಸಿರಾಡಿದ ಹಾಗೆ ಕಾಣುತ್ತದೆ. ಬಲ್ಬ್ ಹಾಕಿದರೆ ಅದು ಗೋಡೆಗೆ ಅಂಟಿಸಿದ ಕ್ಯಾಲೆಂಡರ್. ದೀಪ ಹೋದ ದಿನವೇ ತೊಗಲುಗೊಂಬೆ ಅರ್ಧ ಸತ್ತಿತು.

ಬಳ್ಳಾರಿ ಲೈಟಿನವ: ಅರ್ಧ ಸತ್ತಿತಾ? ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ಗಾಂಧಿ ಕಥೆ ಆಡಿಸಿದರು. ಅದೂ ಅರ್ಧ ಸತ್ತದ್ದಾ? ಸಾವಿರ ಜನ ಕೂತ ಕಡೆ ಎಣ್ಣೆ ದೀಪ ಇಟ್ಟರೆ ಮೂರನೇ ಸಾಲಿಗೂ ಕಾಣಲ್ಲ ಸರ್.

ಹಾರ್ಮೋನಿಯಂ ಮಾಸ್ತರ: ವೀರಣ್ಣನವರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ನನ್ನ ಬಾಯಲ್ಲಿ ಮಾತು ತುರುಕಬೇಡ.

ಬಳ್ಳಾರಿ ಲೈಟಿನವ: ‘ಅರ್ಧ ಸತ್ತಿತು’ ಅಂತ ಬರೆದದ್ದು ಇಲ್ಲೇ ಮೇಲಿದೆ.

ಸಿಂಧನೂರು ಟು ಬೆಂಗಳೂರು: ಮಾಸ್ತರ್ರೇ, ಎಲ್ಇಡಿಯಲ್ಲೂ ದೀಪ ಅಲ್ಲಾಡಿದ ಹಾಗೆ ಮಾಡಬಹುದು. ಒಂದು ಸಣ್ಣ ಚಿಪ್ ಸಾಕು.

ಹಾರ್ಮೋನಿಯಂ ಮಾಸ್ತರ: ಚಿಪ್ ಹಾಕಿ ಉಸಿರಾಡಿಸ್ತೀರಾ. ಭೇಷ್. ನಾಳೆ ನಟನಿಗೂ ಒಂದು ಹಾಕಿ.

ಗವಿಮಠದ ಓಣಿ: ನಾನು ಕೇಳಿದ್ದು ಪ್ರೊಜೆಕ್ಟರ್ ಬಗ್ಗೆ.

ಮೋಕಾ ರಸ್ತೆ: ದೀಪಕ್ಕೆ ಯಾವ ಎಣ್ಣೆ ಹಾಕ್ತಿದ್ದರು ಅಂತ ಯಾರಿಗಾದರೂ ಗೊತ್ತಾ? ನಮ್ಮ ಅಜ್ಜಿ ಔಡಲೆಣ್ಣೆ ಅಂತಿದ್ದಳು.

ಹಾರ್ಮೋನಿಯಂ ಮಾಸ್ತರ: ಔಡಲೆಣ್ಣೆಯೇ. ನಿಧಾನ ಉರಿಯುತ್ತದೆ, ಹೊಗೆ ಕಡಿಮೆ.

ಬಳ್ಳಾರಿ ಲೈಟಿನವ: ಮನೆಯಲ್ಲಿ ಯಾವುದು ಇತ್ತೋ ಅದು. ಬಡವರ ಆಟ ಅದು. ಎಣ್ಣೆ ಆರಿಸುತ್ತಾ ಕೂರೋಕೆ ಆಗುತ್ತಿತ್ತಾ?

ಹಾರ್ಮೋನಿಯಂ ಮಾಸ್ತರ: ಬಡವರಿಗೆ ರುಚಿ ಇರಲ್ಲ ಅಂತೀಯಾ? ನಿನ್ನ ವಯಸ್ಸೆಷ್ಟು?

ಬಳ್ಳಾರಿ ಲೈಟಿನವ: ವಯಸ್ಸು ಕೇಳಿದರೆ ವಾದ ಮುಗೀತು ಅಂತ ಅರ್ಥ.

ರಾಯಚೂರು ಬಿಸಿಲು: ಇಬ್ಬರೂ ಸುಮ್ನಿರ್ರೀ. ಎಣ್ಣೆ ಯಾವುದಾದರೇನು, ಬೆಳಕು ಪರದೆಯ ಹಿಂದಿನಿಂದ ಬಂತು ಅನ್ನೋದೇ ನನ್ನ ಮಾತು. ಕೊಪ್ಪಳದಲ್ಲಿ ಪ್ರೊಜೆಕ್ಟರ್ ಎಲ್ಲಿತ್ತು? ಹಿಂದೆಯಾ, ಮುಂದೆಯಾ?

ಬಳ್ಳಾರಿ ಲೈಟಿನವ: ಮುಂದೆ ಅಕ್ಕ. ಹೇಳಿಬಿಡ್ತೀನಿ, ಆ ಆಟಕ್ಕೆ ಲೈಟು ಹಾಕಿದ್ದು ನಾನೇ. ಬಾಡಿಗೆಗೆ ಹೋಗಿದ್ದೆ. ಹಿಂದಿನಿಂದ ಬಿಡಬೇಕು ಅಂದರೆ ಪರದೆ ಹಿಂದೆ ಹದಿನೈದು ಅಡಿನಾದರೂ ಜಾಗ ಬೇಕು. ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಗೋಡೆ. ಅದಕ್ಕೇ ಮುಂದೆ ತೂಗುಹಾಕಿದೆವು. ಮುಂದಿನಿಂದ ಬಿಟ್ಟರೆ ನಟ ಪರದೆ ಹತ್ತಿರ ಹೋದ ಕೂಡಲೇ ಅವನ ನೆರಳು ಬೀಳುತ್ತದೆ. ನಾನು ನಟನ ಮುಖಕ್ಕೆ ಲೈಟು ಕೊಟ್ಟರೆ ಅದು ಪರದೆಗೆ ಚೆಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಲೈಟು ತೆಗೆದರೆ ನಟ ಕತ್ತಲಲ್ಲಿ. ನಿರ್ದೇಶಕರು ‘ಚಿತ್ರ ಕಾಣಲಿ’ ಅಂದರು. ನಾನು ಲೈಟು ಇಳಿಸಿದೆ.

ಗವಿಮಠದ ಓಣಿ: ಹಂಗಾದರೆ ಮುದುಕ ಕಾಣದೆ ಇದ್ದದ್ದು ನಿಮ್ಮಿಂದ!

ಬಳ್ಳಾರಿ ಲೈಟಿನವ: ಅಷ್ಟೆಲ್ಲಾ ಹೇಳಿದ್ದರಲ್ಲಿ ನಿಮಗೆ ಸಿಕ್ಕಿದ್ದು ಇದೊಂದೇನಾ?

ಸಿಂಧನೂರು ಟು ಬೆಂಗಳೂರು: ತುಟಿ, ಮಾತು ಕೂಡದೆ ಇದ್ದದ್ದಕ್ಕೆ ಲೈಟಿನವರನ್ನು ಬೈಯಬೇಡಿ. ಫೋನಿನಿಂದ ವೈಫೈಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಪ್ರೊಜೆಕ್ಟರಿಗೆ. ಒಂದೊಂದು ಕಡೆಯೂ ಚೂರು ಚೂರು ತಡ ಆಗುತ್ತದೆ. ದನಿ ನೇರ ಕಿವಿಗೆ ಬರುತ್ತದೆ, ಚಿತ್ರ ಸುತ್ತಿ ಬಳಸಿ ಬರುತ್ತದೆ. ಕೇಬಲ್ ಎಳೆದಿದ್ದರೆ ಅರ್ಧ ತೊಂದರೆ ಹೋಗುತ್ತಿತ್ತು.

ಹಾರ್ಮೋನಿಯಂ ಮಾಸ್ತರ: ‘ಸುತ್ತಿ ಬಳಸಿ’. ನೀವೇ ಒಪ್ಪಿಕೊಂಡಿರಿ. ನಟನ ಮುಖ ಎದುರಿಗೇ ಇರುವಾಗ ಸುತ್ತಿ ಬಳಸಿ ಯಾಕೆ ತೋರಿಸಬೇಕು?

ಸಿಂಧನೂರು ಟು ಬೆಂಗಳೂರು: ಒಪ್ಪಿಕೊಂಡಿಲ್ಲ. ಹದಿನೆಂಟನೇ ಸಾಲಿನವನಿಗೆ ಎದುರಿಗೆ ಇರಲ್ಲ ಆ ಮುಖ. ನೀವು ಯಾವಾಗಲೂ ಮೊದಲ ಸಾಲು.

ಮೋಕಾ ರಸ್ತೆ: ಕಂಪನಿ ನಾಟಕದಲ್ಲಿ ಮೇಲಿಂದ ಮೈಕ್ ತೂಗುಹಾಕ್ತಿದ್ದರಲ್ಲ. ರಾಜ ಸಾಯುವಾಗಲೂ ಅದರ ಕೆಳಗೇ ಬಂದು ಸಾಯುತ್ತಿದ್ದ. ಅದನ್ನು ಯಾರೂ ತಂತ್ರಜ್ಞಾನ ಅನ್ನಲಿಲ್ಲ.

ಹಾರ್ಮೋನಿಯಂ ಮಾಸ್ತರ: ಮೈಕಿಗಿಂತ ಮುಂಚೆ ಏನಿತ್ತು ಕೇಳು. ಬಳ್ಳಾರಿ ರಾಘವರು ಯಾವ ಮೈಕ್ ಹಿಡಿದು ಆಡಿದ್ದರು?

ಬಳ್ಳಾರಿ ಲೈಟಿನವ: ರಾಘವರು 1946ರಲ್ಲಿ ತೀರಿಕೊಂಡರು. ಇದು ಯಾವ ಇಸವಿ?

ರಾಯಚೂರು ಬಿಸಿಲು: ನನ್ನ ತಕರಾರು ಬೇರೆ. ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ನಟರು, ರಂಗಸಜ್ಜಿಕೆ, ಪೆಟ್ಟಿಗೆ ಎಲ್ಲಾ ಜೊತೆಗೇ ಬರುತ್ತದೆ. ಇಳಿಸಿ, ಕಟ್ಟಿ, ಆಡಿ, ಬಿಚ್ಚಿ, ಮುಂದಿನ ಊರು. ತಿರುಗಾಟ ಅಂದರೆ ಅದು. ನಮ್ಮ ಕರೆಂಟು, ಧೂಳು, ನಲವತ್ತು ಡಿಗ್ರಿ ಬಿಸಿಲು ಲೆಕ್ಕಕ್ಕೆ ಇಟ್ಟುಕೊಳ್ಳದೆ ಬೆಂಗಳೂರಿನ ಎಸಿ ಹಾಲಿನಲ್ಲಿ ಕಟ್ಟಿದ ಆಟ ತಂದರೆ ಬ್ಯಾಟರಿ ಮುಗಿಯದೆ ಇನ್ನೇನಾಗುತ್ತದೆ? ಪರದೆ ಇರಲಿ. ಪರದೆಗೆ ಒಂದು ಯುಪಿಎಸ್ಸೂ ಇರಲಿ.

ಸಿಂಧನೂರು ಟು ಬೆಂಗಳೂರು: ಬೆಂಗಳೂರು ಅಂದ ಕೂಡಲೇ ಎಲ್ಲರಿಗೂ ಹುರುಪು.

ಗವಿಮಠದ ಓಣಿ: ಅಕ್ಕ, ನೀವು ನನ್ನ ಕಡೆಯಾ, ಅವರ ಕಡೆಯಾ?

ರಾಯಚೂರು ಬಿಸಿಲು: ಯಾರ ಕಡೆಯೂ ಅಲ್ಲ. ಆದರೆ ಒಂದು ಹೇಳಿ. ನೀರು ನುಗ್ಗುವ ದೃಶ್ಯದಲ್ಲಿ ನೀವು ಅತ್ತಿರೋ ಇಲ್ಲವೋ?

ಗವಿಮಠದ ಓಣಿ: ಬ್ಯಾಟರಿ ಅಂತ ಬರುವ ಮುಂಚೆ ಸ್ವಲ್ಪ. ನಮ್ಮ ಮಾವನ ಗದ್ದೆ ಕಾಲುವೆ ಪಕ್ಕ ಇದೆ. ಅದಕ್ಕೂ ನಾಟಕಕ್ಕೂ ಸಂಬಂಧ ಇಲ್ಲ.

ಬಳ್ಳಾರಿ ಲೈಟಿನವ: ಹೋಗಲಿ. ಶನಿವಾರ ಗಂಗಾವತಿಯಲ್ಲಿ ಅದೇ ಆಟ. ಅಲ್ಲಿ ಹಿಂದೆ ಜಾಗ ಜಾಸ್ತಿ ಇದೆ, ಹಿಂದಿನಿಂದಲೇ ಬಿಡ್ತೀವಿ. ತಂಡದ ಪರದೆ ದಪ್ಪ, ಬೆಳಕು ದಾಟಲ್ಲ. ಹನ್ನೆರಡು ಅಡಿಯ ತೆಳು ಬಿಳಿ ಬಟ್ಟೆ ಯಾರ ಹತ್ತಿರನಾದರೂ ಇದೆಯಾ? ಹೊಲಿಗೆ ನಡುವೆ ಬರಬಾರದು.

ಹಾರ್ಮೋನಿಯಂ ಮಾಸ್ತರ: ನಮ್ಮ ಮನೆಯಲ್ಲಿದೆ. ಇಸ್ತ್ರಿ ನೀವೇ ಮಾಡಿಕೊಳ್ಳಬೇಕು. ಹರಿದರೆ ಹೊಸದು ಕೊಡಿಸಬೇಕು. ಬಲ್ಬಿನ ಮಾತಿಗೂ ಇದಕ್ಕೂ ಸಂಬಂಧ ಹಚ್ಚಬೇಡಿ.

ಮೋಕಾ ರಸ್ತೆ: ಅಜ್ಜಿಯನ್ನು ಮತ್ತೆ ಕೇಳಿದೆ. ಔಡಲೆಣ್ಣೆ ಅಲ್ಲವಂತೆ, ಶೇಂಗಾ ಎಣ್ಣೆಯಂತೆ.

ಹಾರ್ಮೋನಿಯಂ ಮಾಸ್ತರ: ನಿಮ್ಮ ಅಜ್ಜಿ ಯಾವ ಊರಿನವರು?