ಬ್ಯಾಕ್‌ಸ್ಪೇಸಿಂಗ್‌ಗೆ ಕನ್ನಡದಲ್ಲಿ ಏನಂತೀರಿ? ನಾನು "ಒಳಗೆ" ಅಂದು ಕೆಟ್ಟೆ

ಎಲ್ರಿಗೂ ನಮಸ್ಕಾರ, ತುಮಕೂರಿಂದ ಬರೀತಿದೀನಿ. ಕಾರಿನ ರಿಮ್ಮು, ಅಂದ್ರೆ ಟೈರು ಹಾಕೋ ಲೋಹದ ಚಕ್ರ, ಅಚ್ಚಿನ ತುದಿಯ ಹಬ್ಬಿಗೆ ಕೂರುತ್ತಲ್ಲ, ಆ ಜಾಗದಿಂದ ಗಾಡಿ ಕಡೆ ಅಂಚಿನ ತನಕದ ಅಳತೆಗೆ ಬ್ಯಾಕ್‌ಸ್ಪೇಸಿಂಗ್ ಅಂತಾರೆ, ಅದಕ್ಕೊಂದು ಕನ್ನಡ ಪದ ಬೇಕಾಗಿದೆ. ಆ ಪದ ಇಲ್ದೇನೇ ನಾಲ್ಕು ರಿಮ್ಮು ದಂಡ ಆಗಿ ನಮ್ಮ ಅಡಿಕೆ ಶೆಡ್ಡಲ್ಲಿ ಬಿದ್ದಿದಾವೆ, ಒಂದರ ಮೇಲೆ ಕೋಳಿ ಕಾವಿಗೆ ಕೂತಿದೆ.

ನಂದು ಮಾರುತಿ ಜಿಮ್ನಿ ಜೀಪು. ತೋಟ ಕೊರಟಗೆರೆ ಕಡೆ, ಕೊನೇ ಒಂದೂವರೆ ಕಿಲೋಮೀಟ್ರು ಕೆರೆ ಅಂಗಳದಲ್ಲೇ ಹೋಗ್ಬೇಕು, ಮಳೆ ಬಂದ್ರೆ ಜೇಡಿಮಣ್ಣು ಚಕ್ರಕ್ಕೆ ಮೆತ್ಕೊಂಡು ಗಾಡಿ ಹೊಟ್ಟೆ ನೆಲಕ್ಕೆ ತಾಗುತ್ತೆ. ಸರಿ, ಟೈರು ದೊಡ್ಡದು ಮಾಡ್ಸೋಣ ಅಂತ ಅಂಗಡಿಗೆ ಹೋಗಿ "ದಪ್ಪ ಟೈರು ಬೇಕಪ್ಪ" ಅಂದೆ. ಮೊದಲ್ನೇ ಎಡವಟ್ಟು ಅಲ್ಲೇ. ನಮ್ ಕಡೆ ದಪ್ಪ ಅಂದ್ರೆ ದೊಡ್ಡದು ಅಂತಾನೂ ಆಗುತ್ತೆ, ದಪ್ಪ ಮೆಣಸಿನಕಾಯಿ ಅಂತೀವಲ್ಲ ಹಂಗೆ. ಅವನು ಅಗಲದ ಟೈರು ತೋರಿಸ್ತಾನೆ, ನಂಗೆ ಬೇಕಿದ್ದಿದ್ದು ಎತ್ತರ. ಕಂಪ್ನಿಯಿಂದ ಬಂದಿದ್ದು 195/80 ಆರ್ 15, ಅಂದ್ರೆ 195 ಮಿಲಿಮೀಟ್ರು ಅಗಲ, ಅದರ ನೂರಕ್ಕೆ 80 ಭಾಗ ಗೋಡೆ ಎತ್ತರ, 15 ಇಂಚು ಅಡ್ಡಳತೆಯ ರಿಮ್ಮಿಗೆ ಕೂರೋದು, ಒಟ್ಟು ನಿಂತ್ರೆ 693 ಮಿಲಿಮೀಟ್ರು. ಕೊನೆಗೆ ಒಪ್ಕೊಂಡಿದ್ದು 235/75 ಆರ್ 15, ಅದು ಸುಮಾರು 733. ವ್ಯತ್ಯಾಸ 40, ಆದ್ರೆ ಗಾಡಿ ಏಳೋದು ಅದರ ಅರ್ಧ, 20 ಮಿಲಿಮೀಟ್ರು ಅಷ್ಟೇ, ಯಾಕಂದ್ರೆ ಇನ್ನರ್ಧ ಅಚ್ಚಿನ ಮೇಲ್ಗಡೆ ಇರುತ್ತೆ. ಇದನ್ನ ಎಷ್ಟು ಜನಕ್ಕೆ ಬಿಡಿಸಿ ಹೇಳಿದೀನೋ.

ಇನ್ನು ರಿಮ್ಮು. ನಮ್ಮ ಗ್ಯಾರೇಜುಗಳಲ್ಲಿ ಡಿಸ್ಕು ಅಂತಾನೂ ಅಂತಾರೆ. ಜಿಮ್ನಿದು ಐದೂವರೆ ಇಂಚು ಅಗಲ. ಟೈರ್ ಕಂಪ್ನಿಯವರ ಪಟ್ಟಿ ಪ್ರಕಾರ 235/75ಕ್ಕೆ 6ರಿಂದ 8 ಇಂಚಿನ ರಿಮ್ಮು ಬೇಕು, ಅದಕ್ಕೆ ನಾನು 7 ಅಂದೆ. 8 ಯಾಕ್ ಬೇಡ ಅಂದ್ರೆ, ಕೆಸರಲ್ಲಿ ಗಾಳಿ ಇಳಿಸಿ ಓಡಿಸುವಾಗ ರಿಮ್ಮು ಅಗಲ ಆದಷ್ಟೂ ಟೈರಿನ ಬೀಡು, ಅಂದ್ರೆ ರಿಮ್ಮಿಗೆ ಕಚ್ಕೊಳೋ ಅಂಚು, ಬೇಗ ಕಳಚ್ಕೊಳುತ್ತೆ. (ಬೀಡು ಅಂದಾಗೆಲ್ಲ ನಂಗೆ ನಗು. ಮೆಕ್ಯಾನಿಕ್ಕು "ಸಾರ್ ಬೀಡು ಬಿಟ್ಟೈತೆ" ಅಂದಾಗ ಯಾವ್ದೋ ಪಾಳೇಗಾರರ ಸೈನ್ಯ ಶಿರಾ ಗೇಟಲ್ಲಿ ಬೀಡು ಬಿಟ್ಟಂಗೆ ಕೇಳಿಸುತ್ತೆ.) ಅಗಲ ಅನ್ನೋ ಪದದಲ್ಲೂ ಒಂದು ಕೊಕ್ಕೆ ಇದೆ. 7 ಇಂಚು ಅನ್ನೋದು ಬೀಡು ಕೂರೋ ಎರಡು ಜಾಗದ ನಡುವಿನ ಅಳತೆ, ಅಂಚಿಂದ ಅಂಚಿಗೆ ಟೇಪ್ ಹಿಡಿದ್ರೆ ಹೆಚ್ಚೂಕಮ್ಮಿ 8 ಬರುತ್ತೆ. "ಮೋಸ ಮಾಡಿದಾನೆ, 8 ಇಂಚಿಂದು ಕೊಟ್ಟಿದಾನೆ" ಅಂತ ಜಗಳಕ್ಕೆ ಹೋದೋರನ್ನ ತುಮಕೂರಿನ ಬಟವಾಡಿಲಿ ಕಣ್ಣಾರೆ ನೋಡಿದೀನಿ.

ಈಗ ವಿಷಯಕ್ಕೆ ಬರ್ತೀನಿ. ರಿಮ್ಮನ್ನ ಮುಖ ಕೆಳಗೆ ಮಾಡಿ ಮಲಗಿಸಿ, ಹಿಂಬದಿ ಅಂಚಿನ ಮೇಲೆ ಒಂದು ರೀಪರ್ ಪಟ್ಟಿ ಅಡ್ಡ ಇಟ್ಟು, ಪಟ್ಟಿಯಿಂದ ಕೆಳಗೆ ಹಬ್ಬಿಗೆ ಕೂರೋ ಚಪ್ಪಟೆ ಜಾಗದ ತನಕ ಟೇಪ್ ಇಳಿಬಿಟ್ರೆ ಬರೋ ಅಳತೇನೇ ಬ್ಯಾಕ್‌ಸ್ಪೇಸಿಂಗು. ಇದು ಜಾಸ್ತಿ ಆದ್ರೆ ಟೈರು ಗಾಡಿ ಒಳಗಡೆಗೆ ಹೋಗುತ್ತೆ, ಕಮ್ಮಿ ಆದ್ರೆ ಆಚೆ ಬರುತ್ತೆ. ನಂಗೆ ಬೇಕಿದ್ದಿದ್ದು ಮೂರೂವರೆ ಇಂಚು. ಅಂಗಡಿಯವನಿಗೆ "ಹಿಂದೆ ಮೂರೂವರೆ ಇರ್ಲಿ" ಅಂದೆ. ಅವನು ಬರ್ಕೊಂಡು "ಮುಂದಿನ್ ಎರಡಕ್ಕೆ ಎಷ್ಟು ಸಾರ್?" ಅಂದ! ಹಿಂದೆ ಅಂದ್ರೆ ಅವನಿಗೆ ಹಿಂದಿನ ಚಕ್ರ, ತಪ್ಪು ಅವನ್ದಲ್ಲ. "ಅಲ್ಲಪ್ಪ, ನಾಲ್ಕಕ್ಕೂ ಒಂದೇ, ಒಳಗೆ ಮೂರೂವರೆ" ಅಂದೆ. "ಹಾ ಗೊತ್ತಾಯ್ತು" ಅಂದ. ನಂಗೂ ಗೊತ್ತಾಯ್ತು ಅನ್ಕೊಂಡೆ.

ಎರಡು ವಾರ ಆದ್ಮೇಲೆ ರಿಮ್ಮು ಬಂತು, ಟೈರು ಹಾಕಿಸಿ ಬಿ.ಎಚ್. ರೋಡಿಗೆ ತಿರುಗಿಸೋಣ ಅಂತ ಸ್ಟೇರಿಂಗು ಪೂರ್ತಿ ಎಳೆದ್ರೆ ಗರ್ರ್ ಅಂತು. ಇಳಿದು ನೋಡಿದ್ರೆ ಟೈರು ಮುಂದಿನ ಅಚ್ಚು ಹಿಡ್ಕೊಂಡಿರೋ ಉದ್ದನೆ ಕಬ್ಬಿಣದ ತೋಳಿಗೆ (ಆರ್ಮು ಅಂತಾರೆ) ತಾಗ್ತಿದೆ, ಆರ್ಮಿನ ಬಣ್ಣ ಟೈರಿಗೆ ಬಂದಿದೆ. ಬಿಚ್ಚಿ ರೀಪರ್ ಪಟ್ಟಿ ಇಟ್ಟು ಅಳೆದೆ, ನಾಲ್ಕೂವರೆ. ಏನಾಗಿದೆ ಅಂದ್ರೆ, ಅವನು ಚಕ್ರದ ಎದುರಿಗೆ ನಿಂತು ನೋಡೋನು, ಅವನ ಲೆಕ್ಕದಲ್ಲಿ "ಒಳಗೆ ಮೂರೂವರೆ" ಅಂದ್ರೆ ರಿಮ್ಮಿನ ಮುಖ ಹೊರಗಿನ ಅಂಚಿಂದ ಮೂರೂವರೆ ಇಂಚು ಒಳಗೆ ಹೋಗಿರಬೇಕು. ಅಂಚಿಂದಂಚಿಗೆ ಎಂಟು, ಅದರಲ್ಲಿ ಮೂರೂವರೆ ಆಚೆ ಹೋದ್ರೆ ಉಳಿದಿದ್ದು ನಾಲ್ಕೂವರೆ ಈಚೆ. ನಾನು ಗಾಡಿ ಕಡೆಯಿಂದ ಒಳಗೆ ಅಂದೆ, ಅವನು ರೋಡ್ ಕಡೆಯಿಂದ ಒಳಗೆ ಅಂದ್ಕೊಂಡ. ಮೊದಲಿನ ಟೈರಿಗಿಂತ ಹೊಸದರ ಒಳಮೈ 30 ಮಿಲಿಮೀಟ್ರು ಒಳಕ್ಕೆ ಬಂದಿತ್ತು, ತಾಗದೆ ಇನ್ನೇನು.

ಆಫ್‌ಸೆಟ್ ಅಂತ ಹೇಳಬಹುದಿತ್ತಲ್ಲ ಅಂತೀರೇನೋ. ಅದು ಇನ್ನೂ ತಲೆನೋವು. ರಿಮ್ಮಿನ ನಟ್ಟನಡುವಿಂದ ಹಬ್ಬಿಗೆ ಕೂರೋ ಜಾಗ ಎಷ್ಟು ಸರಿದಿದೆ ಅನ್ನೋದು ಆಫ್‌ಸೆಟ್ಟು, ಮಿಲಿಮೀಟ್ರಲ್ಲಿ. ಪ್ಲಸ್ ಅಂದ್ರೆ ಕೂರೋ ಜಾಗ ಆಚೆ ಸರಿದಿದೆ, ಅಂದ್ರೆ ರಿಮ್ಮು ಒಳಗೆ ಹೋಗುತ್ತೆ, ನಮ್ಮ ಜನ ಪ್ಲಸ್ ಅಂದ್ರೆ ರಿಮ್ಮು ಆಚೆ ಬರೋದು ಅಂತ ಉಲ್ಟಾ ತಿಳ್ಕೋತಾರೆ. ನಂಗೆ ಬೇಕಿದ್ದಿದ್ದು ಮೈನಸ್ 12 ಚಿಲ್ಲರೆ, ಬಂದಿದ್ದು ಪ್ಲಸ್ 12 ಚಿಲ್ಲರೆ. ರಿಮ್ಮಿನ ಮೇಲೆ "ಇಟಿ" ಅಂತ ಒತ್ತಿರ್ತಾರಲ್ಲ, ಅದು ಜರ್ಮನ್ನಿನ ಐನ್‌ಪ್ರೆಸ್‌ಟೀಫೆ, ಒತ್ತಿ ಕೂರಿಸಿದ ಆಳ ಅಂತ ಅರ್ಥ. ಕಂಪ್ನಿ ಜಿಮ್ನಿ ರಿಮ್ಮು ಇಟಿ 5. ಜರ್ಮನ್ನರೂ ಆಳ ಅಂತಾನೇ ಅಂದಿದಾರೆ, ನಮ್ಮ ಬಟವಾಡಿ ಮೆಕ್ಯಾನಿಕ್ಕೂ "ಡೆಪ್ತು" ಅಂತಾನೆ, ಹಂಗಾಗಿ ಅವನ ಮೇಲೆ ಗೌರವ ಜಾಸ್ತಿ ಆಯ್ತು. ಆದ್ರೆ ಆಳ ಅಂದ್ರೂ ಯಾವ ಕಡೆಯಿಂದ ಇಣುಕಿದ ಆಳ ಅನ್ನೋ ಪ್ರಶ್ನೆ ಹಂಗೇ ಉಳಿಯುತ್ತೆ.

ನಂಗೆ ಹೊಳೆದಿದ್ದು ಒಳಪಾಲು, ಹೊರಪಾಲು. ಹಬ್ಬಿಗೆ ಕೂರೋ ಜಾಗ ರಿಮ್ಮನ್ನ ಎರಡು ಪಾಲು ಮಾಡುತ್ತೆ, ಗಾಡಿ ಕಡೇದು ಒಳಪಾಲು, ರೋಡ್ ಕಡೇದು ಹೊರಪಾಲು. ಹೀಗಂದ್ರೆ ಎಲ್ಲಿ ನಿಂತು ನೋಡಿದ್ರೂ ಅರ್ಥ ಬದಲಾಗಲ್ಲ ಅನ್ಸುತ್ತೆ. ನಮ್ಮಣ್ಣಂಗೆ ಹೇಳಿದ್ರೆ "ಪಾಲು ಅನ್ನೋ ಮಾತು ಈ ಮನೇಲಿ ಎತ್ಬೇಡ" ಅಂದ. ಹಿನ್ನೆಡೆ ಅಂತ ಒಬ್ರು ಸೂಚಿಸಿದ್ರು, ಅದು ಹಿನ್ನಡೆ ಥರ ಕೇಳಿಸುತ್ತೆ, ನಂಗಾಗಿದ್ದೂ ಅದೇ ಬಿಡಿ.

ಇನ್ನೊಂದು ಅನುಮಾನ. ನಮ್ ತಾತಂದು ಎತ್ತಿನ ಗಾಡಿ ಇತ್ತು. ಅಚ್ಚು, ಗುಂಬ (ಚಕ್ರದ ನಡುವಿನ ಮರ), ಕಡಾಣಿ (ಚಕ್ರ ಕಳಚದಂಗೆ ಅಚ್ಚಿನ ತುದಿಗೆ ಹಾಕೋ ಕೀಲು), ಹಳಿ, ಕೀಲೆಣ್ಣೆ ಎಲ್ಲ ಅವರ ಬಾಯಲ್ಲಿ ಕೇಳಿದೀನಿ. ಹಳಿ ಅಂದ್ರೆ ನಮಗೀಗ ರೈಲೇ ನೆನಪಾಗೋದು, ಅವರಿಗೆ ಮರದ ಚಕ್ರಕ್ಕೆ ಕಾಯಿಸಿ ಬಿಗಿಯೋ ಕಬ್ಬಿಣದ ಪಟ್ಟಿ, ಅಂದ್ರೆ ಟೈರೇ. ಗುಂಬ ಗಾಡಿ ಕಡೆಗೆ ಇಷ್ಟು, ಕಡಾಣಿ ಕಡೆಗೆ ಇಷ್ಟು ಅಂತ ಬಡಗಿಗಳು ಅಳತೆ ಇಟ್ಟೇ ಇರ್ತಾರೆ, ಇಲ್ಲಾಂದ್ರೆ ಚಕ್ರ ಗಾಡಿ ಮೈಗೆ ಉಜ್ಜುತ್ತೆ. ಆ ಎರಡು ಕಡೆಗೂ ಬೇರೆ ಬೇರೆ ಹೆಸರಿತ್ತಾ? ಮಾಲೂರು, ಚಿಂತಾಮಣಿ, ಪಾವಗಡ ಕಡೆಯೋರು ಮನೇಲಿ ಹಿರೀರಿದ್ರೆ ಒಂದ್ಸಲ ಕೇಳಿ ಹೇಳ್ತೀರಾ?

ಸೋಮವಾರ ಇನ್ನೊಂದ್ ಅಂಗಡಿಗೆ ಹೋಗ್ತಿದೀನಿ. ಈ ಸಲ ಮೂರೂವರೆಗೂ ಸ್ವಲ್ಪ ಜಾಸ್ತಿ, ಮೂರು ಮುಕ್ಕಾಲು ಕೇಳೋಣ ಅಂತ, ತೀರಾ ಆಚೆ ತಂದ್ರೆ ಬೇರಿಂಗಿಗೆ ಭಾರ, ಮಡ್‌ಗಾರ್ಡಿಂದ ಆಚೆ ಕೆಸರು ಎರಚುತ್ತೆ, ಪೊಲೀಸ್ರು ಕೈ ಅಡ್ಡ ಹಾಕಿದ್ರೆ ಅದು ಬೇರೆ. ಅಷ್ಟ್ರೊಳಗೆ ಒಂದು ಒಳ್ಳೇ ಪದ ಸಿಕ್ರೆ ಹೇಳ್ತೀನಿ, ಇಲ್ಲಾಂದ್ರೆ ರೀಪರ್ ಪಟ್ಟಿ ಕಂಕುಳಲ್ಲಿ ಇಟ್ಕೊಂಡೇ ಹೋಗ್ತೀನಿ.