ಸೀಲಿಂಗ್ ಫ್ಯಾನ್ ನಾನೇ ಹಾಕಬಹುದಾ? ಕೊಕ್ಕೆ ಹಳೇದು, ಫ್ಯಾನ್ ಹೊಸದು

ಬಾಡಿಗೆಮನೆವಾಸಿ:
ದಾವಣಗೆರೆಯಲ್ಲಿ ಬಾಡಿಗೆ ಮನೆ, ಹಳೇ ಮೋಲ್ಡಿಂಗ್ ಕಟ್ಟಡ. ಸೆಕೆ ತಡೆಯೋಕಾಗದೆ ರಿಮೋಟ್ ಇರುವ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ತಂದಿದ್ದೇನೆ. ಎಲೆಕ್ಟ್ರಿಷಿಯನ್ ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಸತಾಯಿಸ್ತಿದ್ದಾರೆ. ಸ್ವಿಚ್, ಹೋಲ್ಡರ್ ಬದಲಾಯಿಸುವಷ್ಟು ಕೆಲಸ ನನಗೆ ಬರುತ್ತೆ. ಮೇನ್ ಆಫ್ ಮಾಡಿ ಹಾಕಿಬಿಟ್ಟರೆ ಆಯ್ತಲ್ವಾ? ಹಳೇ ರೆಗ್ಯುಲೇಟರ್ ಇದ್ದರೆ ಪರವಾಗಿಲ್ವಾ? ಮನೆಯಲ್ಲಿ ಇನ್ವರ್ಟರ್ ಕೂಡ ಇದೆ.

ತುಮಕೂರು_ವೈರ್‌ಮನ್:
ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಒಂದೇ ಆಫ್ ಮಾಡಿ ಏಣಿ ಹತ್ತಬೇಡಿ ಸರ್. ಫ್ಯಾನ್ ಲೈನ್ ಸಾಮಾನ್ಯವಾಗಿ ಇನ್ವರ್ಟರ್ ಮೇಲೇ ಇರುತ್ತೆ. ನೀವು ಮೇನ್ ಇಳಿಸಿದ ಕೂಡಲೇ ಅದು ಕರೆಂಟ್ ಹೋಯ್ತು ಅನ್ಕೊಂಡು ಬ್ಯಾಟರಿಯಿಂದ 230 ವೋಲ್ಟ್ ಕೊಡೋಕೆ ಶುರು ಮಾಡುತ್ತೆ. ಇನ್ವರ್ಟರ್ ಬಟನ್ ಮಾತ್ರ ಆಫ್ ಮಾಡಿದರೂ ಆಗಲ್ಲ, ಆಗ ಮೇನ್ ಕರೆಂಟ್ ಅದರೊಳಗಿಂದಲೇ ನೇರ ಹೋಗುತ್ತೆ. ಎರಡೂ ಆಫ್ ಆಗಬೇಕು. ಟೆಸ್ಟರನ್ನ ಆಫ್ ಮಾಡುವ ಮುಂಚೆಯೇ ಕರೆಂಟ್ ಇರುವ ಸಾಕೆಟ್ಟಲ್ಲಿ ಚುಚ್ಚಿ ಉರಿಯುತ್ತಾ ನೋಡಿ, ಆಮೇಲೆ ಫ್ಯಾನಿನ ಎರಡೂ ವೈರಿಗೆ ಹಿಡಿಯಿರಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಹಾಕಿರ್ತಾರೆ, ಅದಕ್ಕೇ ಗೋಡೆ ಸ್ವಿಚ್ ನಂಬಿ ಕೈ ಹಾಕಬಾರದು.

ರೆಗ್ಯುಲೇಟರ್ ತೆಗೆದು ಸ್ವಿಚ್ಚಿಂದ ನೇರ ಕೊಡಿ. ರೆಗ್ಯುಲೇಟರ್ ಇದ್ದರೆ ಬಿಎಲ್‌ಡಿಸಿ ಫ್ಯಾನಿನ ಒಳಗಿನ ಬೋರ್ಡ್ ಹಾಳಾಗಬಹುದು. ಹಸಿರು ವೈರ್ ಬಂದಿದ್ದರೆ ಅರ್ಥಿಂಗ್ ಕೊಡೋದು ಬಿಡಬೇಡಿ.

ಕಡಲೂರಿನವ:
ವೈರಿಂಗ್ ಬಗ್ಗೆ ಎಲ್ಲರೂ ಹೇಳ್ತಾರೆ, ಆದ್ರೆ ಫ್ಯಾನ್ ಬೀಳೋದು ವೈರಿಂದಲ್ಲ, ಕೊಕ್ಕೆ, ಬೋಲ್ಟು, ಪಿನ್ನಿಂದ. ಹಳೇದನ್ನ ಇಳಿಸಿದ ಮೇಲೆ ಕೊಕ್ಕೆಯನ್ನ ಸ್ಕ್ರೂಡ್ರೈವರಿಂದ ಕೆರೆದು ನೋಡಿ. ಮೇಲ್ಮೈ ತುಕ್ಕಾದರೆ ಪುಡಿ ಉದುರುತ್ತೆ, ಪದರ ಪದರ ಎದ್ದು ಬಂದರೆ ಆ ಕೊಕ್ಕೆ ಮುಗಿಯಿತು ಅಂತಲೇ ಲೆಕ್ಕ. ರಬ್ಬರ್ ಬುಶ್ (ಕೊಕ್ಕೆ ಮೇಲೆ ಕೂರುವ ರಬ್ಬರ್ ಗಾಲಿ) ಕೂರುವ ಕಡೆ ಕಂಬಿ ಸವೆದು ತೆಳ್ಳಗಾಗಿದೆಯಾ ಅಂತ ಬೆರಳಿಟ್ಟು ನೋಡಿ. ಫ್ಯಾನ್ ತೂಕ ನಾಲ್ಕೈದು ಕೆಜಿ ಅಷ್ಟೇ ಇರಬಹುದು, ಆದ್ರೆ ಅದು ಹಗಲೂ ರಾತ್ರಿ ಅಲುಗಾಡ್ತಾ ಇರುತ್ತಲ್ಲ.

ಹಳೇ ಬುಶ್, ಹಳೇ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ, ಹೊಸ ಡಬ್ಬದಲ್ಲೇ ಬಂದಿರುತ್ತೆ. ರಾಡಿನ ಮೇಲೊಂದು, ಕೆಳಗೊಂದು ಬೋಲ್ಟು, ಎರಡಕ್ಕೂ ಪಿನ್. ಪಿನ್ ತೂರಿಸಿ ಹಾಗೇ ಬಿಡೋದಲ್ಲ, ಎರಡೂ ಕಾಲನ್ನ ಬೇರೆ ಬೇರೆ ಕಡೆ ಮಡಚಬೇಕು. ಕಪ್ ಮೇಲೆತ್ತಿ ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳಲ್ಲ, ಅವಸರದ ಕೆಲಸದವರು ಬಿಟ್ಟುಹೋಗೋದೂ ಇದನ್ನೇ.

ಸುಮ್ನೆಓದುವವಳು:
ನಡುವೆ ಒಂದು ಪ್ರಶ್ನೆ. ನಮ್ಮದು ಹೆಂಚಿನ ಮನೆ, ಎಲ್ಲಿಗೆ ನೇತುಹಾಕೋದು?

ಕಡಲೂರಿನವ:
ರೀಪಿಗೆ ಬೇಡವೇ ಬೇಡ ಅಕ್ಕಾ. ತೊಲೆಗೇ ಹಾಕಬೇಕು, ಅದೂ ಸ್ಕ್ರೂ ಹೊಡೆದು ಅಲ್ಲ. ತೊಲೆಯನ್ನ ಸುತ್ತಿ ಹಿಡಿಯುವ ಕಬ್ಬಿಣದ ಕ್ಲಾಂಪ್ ಹಾಕಿ ಬೋಲ್ಟ್ ಬಿಗಿಸಿ. ಗೆದ್ದಲು ಹತ್ತಿದ್ರೆ ತಟ್ಟಿದಾಗ ಟೊಳ್ಳು ಸದ್ದು ಬರುತ್ತೆ, ಅಂಥ ತೊಲೆ ಬೇಡ. ಮಾಡು ತಗ್ಗಿದ್ರೆ ರೆಕ್ಕೆ ನೆಲದಿಂದ ಎಂಟು ಅಡಿಯಾದರೂ ಮೇಲಿರುತ್ತಾ ಅಂತ ಅಳೆದು ನೋಡಿ, ಇಲ್ಲಾಂದ್ರೆ ಗೋಡೆ ಫ್ಯಾನೇ ಸರಿ.

ಬಾಡಿಗೆಮನೆವಾಸಿ:
ಎರಡೂ ಆಫ್ ಮಾಡಿ ಹಳೇ ಫ್ಯಾನ್ ಇಳಿಸಿದೆ, ಕೆಳಗಿಂದ ತಮ್ಮ ಹಿಡಿದುಕೊಂಡಿದ್ದ. ಕೊಕ್ಕೆ ಕೆರೆದರೆ ಹಪ್ಪಳದ ಹಾಗೆ ಚಕ್ಕೆ ಚಕ್ಕೆ ಎದ್ದು ಬರ್ತಿದೆ. ಪಕ್ಕದಲ್ಲೇ ಡ್ರಿಲ್ ಹೊಡೆದು ಬೇರೆ ಕೊಕ್ಕೆ ಹಾಕಲಾ?

ತುಮಕೂರು_ವೈರ್‌ಮನ್:
ಇದು ನೀವು ಮಾಡುವ ಕೆಲಸ ಅಲ್ಲ ಸರ್. ಮನೆ ಓನರ್‌ಗೆ ಫೋಟೋ ಕಳಿಸಿ, ಖರ್ಚು ಅವರದ್ದೇ ಅಲ್ವಾ. ಆಂಕರ್ ಬೋಲ್ಟಿನ ಕ್ಲಾಂಪ್ ಹಾಕಿಸಿ, ಬೋಲ್ಟ್ ಗಾರೆ ದಾಟಿ ಕಾಂಕ್ರೀಟನ್ನ ಕಚ್ಚಬೇಕು. ವೈರ್ ಪೈಪ್ ಮೋಲ್ಡ್ ಒಳಗೆ ಯಾವ ದಿಕ್ಕಿಂದ ಬಂದಿದೆ ಅಂತ ಮೊದಲು ನೋಡಿಕೊಂಡು, ಆ ಸಾಲು ಬಿಟ್ಟು ಡ್ರಿಲ್ ಮಾಡೋಕೆ ಹೇಳಿ. ಅಲ್ಲಿವರೆಗೆ ನೇತಾಡ್ತಿರೋ ವೈರ್ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಆ ಸ್ವಿಚ್ ಮೇಲೂ ಒಂದು ಟೇಪ್ ಅಂಟಿಸಿಬಿಡಿ, ಮಕ್ಕಳು ಒತ್ತಿಬಿಟ್ಟಾರು.