ಒಂದೆರಡು ವರ್ಷವಷ್ಟೇ ಸಿಕ್ಕ ಗುರುವಿನ ಪ್ರಭಾವ ಉಳಿಯುತ್ತದೆಯೇ?

ಪ್ರಶ್ನೆ – ಶಿಕ್ಷಕಿ, ಪುಣೆ

ಮಾನ್ಯರೇ,

ನಾನು ಪುಣೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದರಿಂದ ಏಳನೆಯ ತರಗತಿಯವರೆಗೆ ಪಾಠ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬಗಳವರು. ಒಂದು ಸೈಟಿನ ಕೆಲಸ ಮುಗಿದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೊರಡುತ್ತಾರೆ; ಮಗು ತರಗತಿಗೆ ಹೊಂದಿಕೊಂಡು, ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ ತಂದುಕೊಳ್ಳುವ ಹೊತ್ತಿಗೆ ಅದರ ಜಾಗ ಖಾಲಿಯಾಗಿರುತ್ತದೆ.

ಈ ಊರಿನ ಕನ್ನಡಿಗರಲ್ಲಿ ಗುರುಶಿಷ್ಯರ ಮಾತು ಬಂದಾಗಲೆಲ್ಲ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮತ್ತು ಅವರ ಶಿಷ್ಯ ಭೀಮಸೇನ ಜೋಶಿಯವರ ಹೆಸರು ಬರುತ್ತದೆ. ಹನ್ನೊಂದರ ಪ್ರಾಯದಲ್ಲಿ ಮನೆ ಬಿಟ್ಟು, ಗುರುವನ್ನು ಹುಡುಕುತ್ತ ಉತ್ತರ ಭಾರತ ಸುತ್ತಿದ ಭೀಮಸೇನರು ಕೊನೆಗೆ ತಮ್ಮದೇ ನಾಡಿನ ಕುಂದಗೋಳದಲ್ಲಿ ಗುರುಗಳ ಮನೆಯಲ್ಲಿದ್ದು, ನೀರು ಹೊತ್ತು, ವರ್ಷಗಟ್ಟಲೆ ಕಲಿತರು. ಗುರುಗಳು 1952ರಲ್ಲಿ ತೀರಿಕೊಂಡ ಮರುವರ್ಷವೇ ಅವರ ನೆನಪಿಗೆ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. ಅಂಥ ನಂಟು ಬೆಳೆಯಲು ಒಂದೇ ಸೂರಿನಡಿ ಬಾಳಬೇಕಾಗುತ್ತದೆ. ನನಗೆ ಸಿಗುವುದು ಒಂದು ವರ್ಷ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಮಗುವಿನ ಬಾಳಿನಲ್ಲಿ ಉಳಿಯುವಂಥದ್ದನ್ನು ಶಿಕ್ಷಕರಾದವರು ಕೊಡಬಲ್ಲರೇ? ಕೊಡಬಲ್ಲರಾದರೆ ಅದು ಯಾವುದು? ಅನುಭವವುಳ್ಳವರು ದಯವಿಟ್ಟು ಬರೆಯಬೇಕು.

ಉತ್ತರ 1 – ಸಂಗೀತಾಸಕ್ತ, ಮಾಟುಂಗಾ

ಮೇಡಂ, ನೀವು ಕೊಟ್ಟ ಉದಾಹರಣೆಯನ್ನೇ ಇನ್ನೊಂದು ಬದಿಯಿಂದ ನೋಡಬೇಕೆಂದು ನನಗನ್ನಿಸುತ್ತದೆ. ಕುಂದಗೋಳದಲ್ಲಿ ಭೀಮಸೇನರಿಗೆ ಮುಖ್ಯವಾಗಿ ಸಿಕ್ಕ ಪಾಠ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳದ್ದು. ಆ ಮೂರನ್ನು ತಿದ್ದಿ ತೀಡಿದ್ದರಿಂದ ದಕ್ಕಿದ ಸ್ವರಜ್ಞಾನವೇ ಉಳಿದ ರಾಗಗಳಿಗೆ ದಾರಿಯಾಯಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತ ಗಂಗೂಬಾಯಿ ಹಾನಗಲ್ಲರೂ ನಮ್ಮ ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರೂ ಅದೇ ಗುರುವಿನ ಶಿಷ್ಯರು. ಮೂವರ ಹಾಡಿಕೆಯಲ್ಲಿ ಒಬ್ಬರದನ್ನು ಇನ್ನೊಬ್ಬರದೆಂದು ಯಾರೂ ತಪ್ಪು ತಿಳಿಯಲಾರರು. ಆದರೂ ಸ್ವರವನ್ನು ಅವಸರವಿಲ್ಲದೆ ಹಚ್ಚುವ ಶ್ರದ್ಧೆ ಮೂವರಲ್ಲೂ ಒಂದೇ.

ಅವಧಿಯ ಪ್ರಶ್ನೆಗೆ ಮಲ್ಲಿಕಾರ್ಜುನ ಮನ್ಸೂರರು ಇನ್ನೂ ಒಳ್ಳೆಯ ಉತ್ತರ. ಮಿರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಗಾಯಕರೆಂದು ಹೆಸರಾಗಿ, ಧ್ವನಿಮುದ್ರಿಕೆಗಳೂ ಹೊರಬಂದ ಮೇಲೆ ಅವರು ಮುಂಬಯಿಯಲ್ಲಿ ಜೈಪುರ ಘರಾಣೆ ಎಂಬ ಗಾಯನ ಪರಂಪರೆಯ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಆ ಪಾಠ ಬಹುಕಾಲ ನಡೆಯಲಿಲ್ಲ. 1937ರಲ್ಲಿ ಮಂಜೀ ಖಾನರು ಅಕಾಲದಲ್ಲಿ ತೀರಿಕೊಂಡರು. ಆದರೆ ಮನ್ಸೂರರು 1992ರಲ್ಲಿ ಕಣ್ಮುಚ್ಚುವವರೆಗೂ ಜೈಪುರ ಘರಾಣೆಯ ಗಾಯಕರಾಗಿಯೇ ಉಳಿದರು, ಆ ಘರಾಣೆಯ ಅಪರೂಪದ ರಾಗಗಳನ್ನೇ ಹಾಡುತ್ತ ಬಂದರು. ಅಲ್ಪಕಾಲದ ಗುರು ಅರ್ಧ ಶತಮಾನಕ್ಕೂ ಮಿಗಿಲಾದ ಬಾಳಿಗೆ ದಿಕ್ಕು ತೋರಿದರು.

ಉತ್ತರ 2 – ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿ, ಠಾಣೆ

ದೊಡ್ಡ ಕಲಾವಿದರ ಮಾತು ಸರಿ. ನನ್ನದು ಸಾಧಾರಣ ಮನುಷ್ಯನ ಅನುಭವ. ಉಡುಪಿಯ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಟೇಬಲು ಒರೆಸುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ನೂರಾರು ಹುಡುಗರಲ್ಲಿ ನಾನೂ ಒಬ್ಬ. ನಮ್ಮ ಮಾಸ್ತರರು ಹಗಲು ಕಚೇರಿಯಲ್ಲಿ ದುಡಿದು ಸಂಜೆ ಪಾಠಕ್ಕೆ ಬರುತ್ತಿದ್ದರು. ಅವರು ನನಗೆ ಸಿಕ್ಕಿದ್ದು ಎಸ್.ಎಸ್.ಸಿ.ಯ ವರ್ಷವೊಂದರಲ್ಲಿ ಮಾತ್ರ.

ಅವರು ನಮ್ಮ ಪುಸ್ತಕಗಳನ್ನು ಕೆಂಪು ಶಾಯಿಯಲ್ಲಿ ಎಂದೂ ತಿದ್ದಲಿಲ್ಲ. ತಪ್ಪಿದ ಪದದ ಕೆಳಗೆ ಪೆನ್ಸಿಲಿನಿಂದ ತೆಳುವಾಗಿ ಒಂದು ಗೆರೆ ಎಳೆದು, ಅಂಚಿನಲ್ಲಿ ಚುಕ್ಕಿಯಿಟ್ಟು, ಪುಸ್ತಕವನ್ನು ನಮ್ಮ ಕಡೆಗೆ ತಿರುಗಿಸಿ ಸುಮ್ಮನೆ ಕಾಯುತ್ತಿದ್ದರು. ಸರಿಯಾದ ಪದವನ್ನು ನಾವೇ ಹುಡುಕಿ ಬರೆದ ಮೇಲೆ ಅವರೇ ರಬ್ಬರು ತೆಗೆದು ಗೆರೆಯನ್ನೂ ಚುಕ್ಕಿಯನ್ನೂ ಅಳಿಸುತ್ತಿದ್ದರು. ವರ್ಷದ ಕೊನೆಗೆ ಆ ಪುಸ್ತಕ ತೆರೆದರೆ ಎಲ್ಲಿ ನೋಡಿದರೂ ಸರಿಯಾದದ್ದೇ ಕಾಣುತ್ತಿತ್ತು. ದಿನವಿಡೀ ಗಿರಾಕಿಗಳಿಂದಲೂ ಮಾಲೀಕರಿಂದಲೂ ಬೈಗುಳ ತಿಂದು ಬರುವ ಹುಡುಗನಿಗೆ ಆ ಪುಸ್ತಕ ಏನಾಗಿತ್ತೆಂಬುದನ್ನು ಬರೆದು ತಿಳಿಸುವುದು ಕಷ್ಟ. ನಾನು ಎರಡು ದಿನ ಬಾರದಿದ್ದಾಗ ಅವರು ಹೋಟೆಲಿಗೇ ಬಂದು, ಚಹಾ ತರಿಸಿಕೊಂಡು, ಪರೀಕ್ಷೆ ಮುಗಿಯುವವರೆಗೆ ಈ ಹುಡುಗನನ್ನು ಸಂಜೆ ಆರಕ್ಕೇ ಬಿಡಬೇಕೆಂದು ಮಾಲೀಕರನ್ನು ಒಪ್ಪಿಸಿ, ಚಹಾದ ದುಡ್ಡು ಕೊಟ್ಟು ಹೋದರು.

ಅವರು ಕಲಿಸಿದ ಪಾಠಗಳಲ್ಲಿ ಬಹಳಷ್ಟು ಮರೆತುಹೋಗಿವೆ. ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಕಿರಿಯರು ಬರೆದ ಪತ್ರಗಳನ್ನು ನೋಡುವ ಹೊಣೆ ಬಂದಾಗ, ನಿವೃತ್ತನಾಗುವವರೆಗೂ ನಾನು ಪೆನ್ಸಿಲಿನಿಂದಲೇ ಗುರುತು ಹಾಕುತ್ತಿದ್ದೆ. ಹಾಗಾಗಿ ಮೇಡಂ, ವರ್ಷವೊಂದು ಸಾಲದೆಂದು ದಯವಿಟ್ಟು ಎಣಿಸಬೇಡಿ.

ಉತ್ತರ 3 – ಸಂಜೆ ಪಾಠದವ, ವಾಸ್ಕೋ

ಇಬ್ಬರ ಮಾತನ್ನೂ ಗೌರವದಿಂದ ಒಪ್ಪುತ್ತೇನೆ. ಆದರೆ ಒಂದು ಅಂಶ ಬಿಟ್ಟುಹೋಗಿದೆ. ಮಂಜೀ ಖಾನರು ಹೋದ ಮೇಲೆ ಮನ್ಸೂರರು ಒಂಟಿಯಾಗಿ ಮುಂದುವರಿಯಲಿಲ್ಲ. ಅದೇ ಮನೆತನದ ಕಿರಿಯ ಮಗ ಭೂರ್ಜೀ ಖಾನರು ಅವರನ್ನು ಕೈಹಿಡಿದು ನಡೆಸಿದರು. ಮೊದಲ ಗುರು ಬಿತ್ತಿದ್ದು ಬೆಳೆದದ್ದರಲ್ಲಿ ಎರಡನೆಯ ಗುರುವಿನ ಪಾಲು ದೊಡ್ಡದು. ಜುವಾರಿನಗರದಲ್ಲಿ ನಾನು ಪಾಠ ಹೇಳುವ ಕನ್ನಡದ ಮಕ್ಕಳೂ ಹೀಗೆಯೇ ಊರು ಬದಲಿಸುವವರು. ಹೊಸ ಶಾಲೆಯ ಶಿಕ್ಷಕರಿಗೆ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಕಾಣುವುದು ಹುಟ್ಟಿದ ದಿನಾಂಕ, ಜಾತಿ, ತರಗತಿ, ನಡತೆ ಇಷ್ಟೇ. ಈ ಹುಡುಗಿ ಭಾಗಾಕಾರದಲ್ಲಿ ಎಡವುತ್ತಾಳೆ, ಗಟ್ಟಿಯಾಗಿ ಓದಲು ಹೇಳಿದರೆ ಅರಳುತ್ತಾಳೆ ಎಂಬುದನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ಮಗು ಮತ್ತೆ ಮೊದಲಿನಿಂದ ಅಪರಿಚಿತವಾಗುತ್ತದೆ. ನೀವು ಕೊಟ್ಟದ್ದು ಸೋರಿಹೋಗುವುದು ಅಲ್ಲಿಯೇ.

ಪುಣೆಯ ಶಿಕ್ಷಕಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ಠಾಣೆಯವರ ಮಾಸ್ತರರ ಬಗ್ಗೆ ಓದಿ ಮನಸ್ಸು ತುಂಬಿ ಬಂತು. ಮಕ್ಕಳು ಹೊರಡುವಾಗ ಮುಂದಿನ ಶಿಕ್ಷಕರಿಗೊಂದು ಪತ್ರ ಬರೆದುಕೊಡಬೇಕೆಂದು ನಿಶ್ಚಯಿಸಿದ್ದೇನೆ. ಮಗು ಮರಾಠಿ ಶಾಲೆಗೆ ಸೇರುವುದೋ ಕನ್ನಡ ಶಾಲೆಗೋ ಮುಂಚೆ ತಿಳಿಯುವುದಿಲ್ಲವಲ್ಲ, ಯಾವ ಭಾಷೆಯಲ್ಲಿ ಬರೆಯಲಿ?

ಸಂಜೆ ಪಾಠದವ, ವಾಸ್ಕೋ

ಎರಡರಲ್ಲೂ ಬರೆಯಿರಿ. ಒಂದೇ ಹಾಳೆಯ ಎರಡು ಬದಿ ಸಾಕು. ಯಾವ ಪುಸ್ತಕವನ್ನು ತಾನಾಗಿಯೇ ಓದಿ ಮುಗಿಸಿತು, ಯಾವ ಲೆಕ್ಕದಲ್ಲಿ ನಿಲ್ಲುತ್ತದೆ, ಯಾವ ಮಾತಿಗೆ ಹೆದರುತ್ತದೆ ಎಂಬುದಿರಲಿ. ಕೊಡುವ ಮೊದಲು ಮಗುವಿಗೂ ಒಮ್ಮೆ ಓದಿ ಹೇಳಿ. ತಾಯಿಯ ಕೈಯಲ್ಲಿ ಲೀವಿಂಗ್ ಸರ್ಟಿಫಿಕೇಟಿನ ಜೊತೆಗೇ ಕೊಟ್ಟರೆ ಕಳೆದುಹೋಗುವುದಿಲ್ಲ.